ಟೀಪುವಿನ ಕಾಲಾಳುಗಳ ಕಿರುಪ್ರತಿಮೆಗಳಿಗೆ ಬಣ್ಣ ಹಚ್ಚುವುದು ಹೇಗೆ?

1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮೇಜಿನ ಮೇಲೆ ಆಡುವುದಕ್ಕಾಗಿ 28 ಮಿ.ಮೀ. ಅಳತೆಯ, ಬಣ್ಣವಿಲ್ಲದ ಲೋಹದ ಸೈನಿಕರನ್ನು ತರಿಸಿಕೊಂಡಿದ್ದೀರಿ. ಟೀಪುವಿನ ಕಾಲಾಳುಗಳ ಹುಲಿ ಅಂಗಿಯ ಸರಿಯಾದ ಬಣ್ಣ ಯಾವುದು, ಅದನ್ನು ಇಷ್ಟು ಚಿಕ್ಕ ಪ್ರತಿಮೆಯ ಮೇಲೆ ಮೂಡಿಸುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಯುದ್ಧದ ಎರಡೂ ಪಕ್ಷಗಳ ಸೈನಿಕರಿಗೆ ನಾನು ಕೆಲವು ವರ್ಷಗಳಿಂದ ಬಣ್ಣ ಹಚ್ಚುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಆಟ ನಡೆಯುವಾಗ ಯಾರೂ ಒಬ್ಬ ಸೈನಿಕನನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಸುಮಾರು ಮೂರಡಿ ದೂರದಿಂದ ಇಡೀ ತುಕಡಿಯನ್ನು ನೋಡುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಬಣ್ಣದ ವಿಷಯ. ಅಂತರ್ಜಾಲದಲ್ಲಿ ಕಾಣುವ ಮೈಸೂರು ಸೈನ್ಯಗಳಲ್ಲಿ ಹಲವು ಹಳದಿ ಅಥವಾ ಕೇಸರಿ ಅಂಗಿಯ ಮೇಲೆ ಕಪ್ಪು ಪಟ್ಟೆಗಳನ್ನು ಹೊತ್ತಿರುತ್ತವೆ. ನೋಡುವುದಕ್ಕೆ ಸೊಗಸಾಗಿದ್ದರೂ ಅದು ಸರ್ಕಸ್ಸಿನ ಹುಲಿಯೇ ಹೊರತು ಟೀಪುವಿನ ಸಿಪಾಯಿಯಲ್ಲ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಅವನ ಶಿಸ್ತಿನ ಕಾಲಾಳುಗಳ ಅಂಗಿಯನ್ನು ನೇರಳೆ ಬಟ್ಟೆಯ ಮೇಲೆ ವಜ್ರಾಕೃತಿಯ ಬಿಳಿ ಚುಕ್ಕೆಗಳುಳ್ಳದ್ದೆಂದು ವರ್ಣಿಸಿ, ಅದನ್ನೇ ಹುಲಿ ಅಂಗಿ ಎಂದು ಕರೆದಿದ್ದಾರೆ; ತಲೆಗೆ ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೆ ಅದೇ ಬಣ್ಣದ ಪಟ್ಟಿ ಇತ್ತೆಂದೂ ಹೇಳಿದ್ದಾರೆ. ಬಬ್ರಿ ಎಂದು ಹೆಸರಾದ ಹುಲಿಪಟ್ಟೆಯ ವಿನ್ಯಾಸವನ್ನು ಟೀಪು ತನ್ನ ಸಿಂಹಾಸನದಿಂದ ಹಿಡಿದು ಕತ್ತಿ, ಬಂದೂಕುಗಳವರೆಗೆ ಬಳಸಿದ್ದನಾದ್ದರಿಂದ, ಆ ಚುಕ್ಕೆಗಳನ್ನು ತುಸು ಓರೆಯಾಗಿ, ನಡುವೆ ದಪ್ಪಗಾಗಿ ತುದಿಗಳಲ್ಲಿ ಚೂಪಾಗುವಂತೆ ಬರೆದರೆ ತಪ್ಪೇನಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲಿರುವ ಪೊಲ್ಲಿಲೂರು ಯುದ್ಧದ ಚಿತ್ರವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದಲ್ಲವೇ ಎಂದು ನೀವು ಕೇಳಬಹುದು. ಚಿತ್ರವನ್ನು ಖಂಡಿತವಾಗಿ ನೋಡಿ ಬನ್ನಿ. ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೇಯ್ಲಿ, ಅವನನ್ನು ಸುತ್ತುವರಿದು ಚೌಕವಾಗಿ ನಿಂತ ಕೆಂಪು ಕೋಟಿನ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ, ನುಗ್ಗುವ ಕುದುರೆಗಳ ಸಾಲು ಇವೆಲ್ಲ ಆಟದ ಮೇಜನ್ನು ಹೇಗೆ ತುಂಬಬೇಕೆಂಬುದಕ್ಕೆ ಒಳ್ಳೆಯ ಪಾಠ. ಆದರೆ ಅದು 1780ರ ಯುದ್ಧ. ಅರಮನೆ ಕಟ್ಟಿದ್ದು 1784ರಲ್ಲಿ. ಚಿತ್ರವನ್ನು ಆಮೇಲೆ ಸುಣ್ಣ ಬಳಿದು ಮುಚ್ಚಿದ್ದರೆಂದು ಹೇಳುತ್ತಾರೆ, ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಅದನ್ನು ಮತ್ತೆ ಬರೆಸಲಾಯಿತು. ಹೀಗಿರುವಾಗ ವೇಷದ ಆಕಾರಕ್ಕೆ ಅದನ್ನು ನಂಬಬಹುದು, ಬಣ್ಣದ ಛಾಯೆಗೆ ನಂಬುವುದು ಕಷ್ಟ.

ಇನ್ನು ಹಚ್ಚುವ ಕೆಲಸ. ಅಚ್ಚಿನ ಅಂಚುಗಳನ್ನು ಅರದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಬೂದು ಬಣ್ಣದ ಪ್ರೈಮರ್ (ಮೇಲಿನ ಬಣ್ಣ ಹಿಡಿಯುವಂತೆ ಮೊದಲು ಬಳಿಯುವ ತಳಲೇಪ) ಕೊಡಿ. ಹಳೆಯ ಅಚ್ಚುಗಳ ಲೋಹದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅರ ಹಾಕುವಾಗ ಮುಖವಸ್ತ್ರ ಇರಲಿ. ಎಂಟು ಹತ್ತು ಸೈನಿಕರನ್ನು ಐಸ್‌ಕ್ರೀಮ್ ಕಡ್ಡಿಗಳಿಗೆ ಅಂಟಿಸಿಕೊಂಡು ಒಂದೊಂದು ಬಣ್ಣವನ್ನು ಎಲ್ಲರಿಗೂ ಒಟ್ಟಿಗೆ ಹಚ್ಚಿದರೆ ಬೇಸರವೂ ಕಡಿಮೆ, ಛಾಯೆಯೂ ಒಂದೇ ಸಮನಾಗಿ ಬರುತ್ತದೆ. ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಎರಡು ಕೈ ಬಳಿಯಿರಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಮುಖದ ಗೆರೆಗಳು, ಗುಂಡಿಗಳು ಎಲ್ಲ ಮುಚ್ಚಿಹೋಗುತ್ತವೆ. ಕುಂಚ ಸಣ್ಣದಾದಷ್ಟೂ ಒಳ್ಳೆಯದೆಂಬ ನಂಬಿಕೆ ಬೇಡ. ಚೂಪಾದ ತುದಿಯಿರುವ ಒಂದನೇ ನಂಬರಿನ ಕುಂಚ ಬಣ್ಣವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ನಂಬರಿನಲ್ಲಿ ಸೊನ್ನೆಗಳ ಸಾಲಿರುವ ಅತಿ ಸಣ್ಣ ಕುಂಚದ ತುದಿಯಲ್ಲಿ ಬಣ್ಣ ಪ್ರತಿಮೆಯನ್ನು ಮುಟ್ಟುವ ಮೊದಲೇ ಒಣಗುತ್ತದೆ.

ಅಂಗಿಗೆ ಕೆಂಪು ಮತ್ತು ನೀಲಿಯನ್ನು ಬೆರೆಸಿ, ಒಂದು ಹನಿ ಕಂದು ಸೇರಿಸಿ, ಮಂಕಾದ ನೇರಳೆಯನ್ನು ಮಾಡಿಕೊಳ್ಳಿ. ಬಾಟಲಿಯಿಂದ ನೇರವಾಗಿ ತೆಗೆದ ನೇರಳೆ ಈ ಅಳತೆಯಲ್ಲಿ ಮಿಠಾಯಿ ಕಾಗದದಂತೆ ಕಾಣುತ್ತದೆ. ಅದು ಒಣಗಿದ ಮೇಲೆ ಗಾಢ ಕಂದು ವಾಶ್ (ತಗ್ಗುಗಳಿಗೆ ಇಳಿದು ನೆರಳು ಮೂಡಿಸುವ ತೀರ ತೆಳುವಾದ ಬಣ್ಣ) ಕೊಟ್ಟು, ಮಡಿಕೆಗಳ ಏಣಿನ ಮೇಲೆ ಮೂಲ ಬಣ್ಣಕ್ಕೆ ದಂತದ ಬಿಳಿ ಸೇರಿಸಿ, ಬೆಳಕು ಬಿದ್ದಂತೆ ಕಾಣಲು ಹೈಲೈಟ್ ಮಾಡಿ. ಚುಕ್ಕೆಗಳ ಸರದಿ ಬರುವುದು ಇದಾದ ನಂತರವೇ, ಏಕೆಂದರೆ ವಾಶ್‌ಗೆ ಮೊದಲೇ ಬರೆದರೆ ಅವು ಕೊಳಕಾಗುತ್ತವೆ. ಕುಂಚದ ತುದಿಗೆ ದಂತದ ಬಿಳಿಯನ್ನು ತೆಗೆದುಕೊಂಡು, ಟಿಶ್ಯೂ ಮೇಲೆ ಒಮ್ಮೆ ಒರೆಸಿ, ಭುಜದಿಂದ ಕೆಳಕ್ಕೆ ಸಾಲಾಗಿ ಬನ್ನಿ: ಕುಂಚವನ್ನು ಓರೆಯಾಗಿ ಇಟ್ಟು, ಮೆಲ್ಲಗೆ ಒತ್ತಿ, ಎಳೆಯುತ್ತಲೇ ಎತ್ತಿದರೆ ಚುಕ್ಕೆಯ ಆಕಾರ ತಾನಾಗಿಯೇ ಬೀಳುತ್ತದೆ. ಎರಡನೆಯ ಸಾಲಿನ ಚುಕ್ಕೆ ಮೊದಲ ಸಾಲಿನ ಖಾಲಿ ಜಾಗದ ಕೆಳಗೆ ಬರಲಿ. ಎದೆಗೆ ನಾಲ್ಕೈದು ಸಾಲು, ತೋಳಿಗೆ ಮೂರು ಸಾಲು ಸಾಕು. ನಿಜವಾದ ಅಂಗಿಯಲ್ಲಿ ಇದಕ್ಕಿಂತ ಹೆಚ್ಚು ಇದ್ದಿರಬಹುದು, ಆದರೆ ಅಷ್ಟನ್ನೂ ಬರೆದರೆ ಮೂರಡಿ ದೂರದಿಂದ ನೇರಳೆ ಕಾಣದೆ ಬೂದು ಕಾಣುತ್ತದೆ.

ಮೈಬಣ್ಣದ ಬಗ್ಗೆಯೂ ಒಂದು ಮಾತು. ಚರ್ಮದ ಬಣ್ಣವೆಂದು ಸಿದ್ಧವಾಗಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಯೂರೋಪಿನವರ ಗುಲಾಬಿ ಛಾಯೆಯವು. ಮೈಸೂರಿನವರಿಗೂ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸಿಪಾಯಿಗಳಿಗೂ ಗಾಢ ಕಂದನ್ನು ತಳವಾಗಿ ಹಚ್ಚಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ತುಸು ಹಳದಿ ಬೆರೆಸಿ ಮೂಗು, ಕೆನ್ನೆ, ಬೆರಳ ಗೆಣ್ಣುಗಳನ್ನು ಎತ್ತಿ ತೋರಿಸಿ. ಒಂದೇ ತುಕಡಿಯಲ್ಲಿ ಎರಡು ಮೂರು ಛಾಯೆಗಳಿರಲಿ.

ಎದುರಾಳಿಗಳು ಸುಲಭ. ಬ್ರಿಟಿಷ್ ಕಾಲಾಳು ರೆಜಿಮೆಂಟುಗಳೆಲ್ಲ ಕೆಂಪು ಕೋಟಿನವೇ. ಅವುಗಳನ್ನು ಗುರುತಿಸುವುದು ಕಾಲರ್ ಮತ್ತು ತೋಳಂಚಿನ ಬಣ್ಣದಿಂದ. 12ನೆಯದಕ್ಕೆ ಹಳದಿ, ಆರ್ಥರ್ ವೆಲ್ಲೆಸ್ಲಿಯ 33ನೆಯದಕ್ಕೆ ಕೆಂಪೇ, 74ನೆಯ ಹೈಲ್ಯಾಂಡರುಗಳಿಗೆ ಬಿಳಿ. ಮದ್ರಾಸ್ ಸಿಪಾಯಿಗಳಿಗೆ ಕೆಂಪು ಕೋಟಿನ ಕೆಳಗೆ ಪ್ಯಾಂಟಿನ ಬದಲು ಬಿಳಿಯ ಮೋಟು ಚಡ್ಡಿ.

ರಾಕೆಟ್ ದಳವನ್ನು ಬಿಡಬೇಡಿ, ಮೈಸೂರು ಸೈನ್ಯಕ್ಕೆ ಅದೇ ಕಳೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಸಿಕ್ಕಿದ ಕಬ್ಬಿಣದ ರಾಕೆಟ್ ಕೊಳವೆಗಳ ಚಿತ್ರಗಳನ್ನು ನೋಡಿದರೆ ಅವು ಎಷ್ಟು ಮೋಟಾದವೆಂದು ತಿಳಿಯುತ್ತದೆ. ಗೇಣು, ಗೇಣೂವರೆ ಉದ್ದದ ಕೊಳವೆ ನಮ್ಮ ಅಳತೆಯಲ್ಲಿ ನಾಲ್ಕರಿಂದ ಆರು ಮಿಲಿಮೀಟರ್ ಅಷ್ಟೇ ಆಗುತ್ತದೆ. ಕೊಳವೆಗೆ ಕಪ್ಪು ಬೆರೆಸಿದ ಉಕ್ಕಿನ ಬಣ್ಣ ಇರಲಿ, ತುಕ್ಕು ಬೇಡ. ತುಕ್ಕು ಹಿಡಿದಿರುವುದು ಬಾವಿಯಲ್ಲಿ ಸಿಕ್ಕಿದವಕ್ಕೆ. ಬಿದಿರಿನ ಗಳಕ್ಕೆ ಒಣಹುಲ್ಲಿನ ಹಳದಿ ಹಚ್ಚಿ, ಗೆಣ್ಣುಗಳಿಗೆ ತೆಳುವಾದ ಕಂದು ಗೆರೆ ಎಳೆಯಿರಿ.

ಕೋಟೆಯ ಮೇಲೆ ಕೊನೆಯ ದಾಳಿ ನಡೆದದ್ದು ಮೇ 4ರ ಮಧ್ಯಾಹ್ನ, ಕಾವೇರಿಯಲ್ಲಿ ನೀರು ತಗ್ಗಿದ್ದಾಗ. ಆದ್ದರಿಂದ ಸೈನಿಕರ ಕಾಲಡಿಯ ತಟ್ಟೆಗೆ ಹಸಿರು ಹುಲ್ಲನ್ನು ಅಂಟಿಸದೆ ಮರಳು, ಬಂಡೆಚೂರು, ಒಣಗಿದ ಹುಲ್ಲಿನ ಒಂದೆರಡು ಕುಚ್ಚುಗಳನ್ನು ಬಳಸಿ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಕೊಡಲೇಬೇಕು, ಇಲ್ಲದಿದ್ದರೆ ಆಟವಾಡುವವರ ಬೆರಳು ತಾಗಿ ಬಯೊನೆಟ್ಟಿನ ತುದಿಯಿಂದ ಬಣ್ಣ ಸವೆಯತೊಡಗುತ್ತದೆ. ಸ್ಪ್ರೇ ವಾರ್ನಿಷನ್ನು ಮಳೆಗಾಲದ ತೇವದ ಗಾಳಿಯಲ್ಲಿ ಸಿಂಪಡಿಸಿದರೆ ಪ್ರತಿಮೆಯ ಮೇಲೆ ಬಿಳಿಯ ಮಂಜು ಕಟ್ಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದಿಂದ ಹಚ್ಚುವ ವಾರ್ನಿಷನ್ನೇ ಬಳಸಿ, ಅದನ್ನೂ ಮೊದಲು ಒಬ್ಬ ಸೈನಿಕನ ಮೇಲೆ ಹಚ್ಚಿ ನೋಡಿ.