ಆರು ದಿನ ಮತ್ತು ಕಪ್ಪತಗುಡ್ಡದ ಕಲ್ಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗದಗ-ಬೆಟಗೇರಿಯ ಕ್ರೈಸ್ತ ಕುಟುಂಬ. ತಂದೆಗೆ 58, ಸಂಡೇಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಮಗನಿಗೆ 20, ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದಾನೆ. ಕಪ್ಪತಗುಡ್ಡ ನೋಡಿ ಬಂದ ರಾತ್ರಿ ಊಟದ ಹೊತ್ತಿಗೆ ಕಲ್ಲಿನ ಚೂರೊಂದನ್ನು ಮುಂದಿಟ್ಟು, ‘ಅಪ್ಪಾ, ಇದು 250 ಕೋಟಿ ವರ್ಷಕ್ಕಿಂತ ಹಳೇದು. ಆದಿಕಾಂಡ ಬರೇ ಸುಳ್ಳು’ ಅಂದ. ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದ ಎಂದು ಹೇಳುವ ಬೈಬಲಿನ ಮೊದಲ ಪುಸ್ತಕ ಅದು. ಅಪ್ಪ ತಾಟು ಬಿಟ್ಟು ಎದ್ದರು. ಮೂರು ತಿಂಗಳು ಮಾತಿಲ್ಲ. ಇಬ್ಬರನ್ನೂ ಆಪ್ತಸಲಹೆಗೆಂದು ನಮ್ಮಲ್ಲಿಗೆ ಕರೆತಂದದ್ದು ತಾಯಿ.

ಮೊದಲೆರಡು ಭೇಟಿ ಬೇರೆಬೇರೆಯಾಗಿ. ನಿದ್ದೆ, ಊಟ, ಓದು ವಿಚಾರಿಸಿದ್ದಾಯಿತು. ಖಿನ್ನತೆಯ ಲಕ್ಷಣ ಕಂಡಿದ್ದರೆ ದಾರಿ ಬೇರೆಯಾಗುತ್ತಿತ್ತು. ತಂದೆ ಕೇಳಿದ್ದು ಒಂದೇ: ‘ಹಂಗಾರ ಇಷ್ಟ ವರ್ಷ ಹುಡುಗರಿಗೆ ನಾ ಸುಳ್ಳ ಕಲಿಸಿದ್ನೇನ್ರಿ?’ ನೋವು ಭೂಮಿಯ ವಯಸ್ಸಿನದಾಗಿರಲಿಲ್ಲ. ಮಗನದು, ‘ಆರು ದಿನ ಅಂದ್ರ ಆರ ದಿನಾನ ಅಲ್ರೀ ಮತ್ತ?’ ಇಬ್ಬರೂ ಆ ಪುಸ್ತಕವನ್ನು ಪಂಚನಾಮೆಯಂತೆ ಓದುತ್ತಿದ್ದರು. ಒಬ್ಬರು ಸಹಿ ಹಾಕಿದ್ದರು, ಇನ್ನೊಬ್ಬ ಒಲ್ಲೆ ಅಂದಿದ್ದ, ಅಷ್ಟೇ ವ್ಯತ್ಯಾಸ.

ಮೂರನೇ ಭೇಟಿಗೆ ಇಬ್ಬರನ್ನೂ ಕೂರಿಸಿ ಮನೆಯ ಕನ್ನಡ ಬೈಬಲ್, ನಡುವೆ ಗೆರೆ ಎಳೆದ ಹಾಳೆ, ಪೆನ್ಸಿಲ್ ಕೊಟ್ಟೆವು. ಆದಿಕಾಂಡದ 1 ಮತ್ತು 2ನೇ ಅಧ್ಯಾಯ ಓದಿ ಏನು ಮೊದಲು, ಏನು ಆಮೇಲೆ ಎಂದು ಬರೆಯುವುದು. ವಾದ ಬೇಡ, ವ್ಯಾಖ್ಯಾನ ಬೇಡ. ಒಂದನೇ ಅಧ್ಯಾಯದಲ್ಲಿ ಗಿಡಮರ ಮೂರನೇ ದಿನ, ಸೂರ್ಯ ನಾಲ್ಕನೇ ದಿನ. ಪ್ರಾಣಿಗಳಾದ ಮೇಲೆ ಮನುಷ್ಯ. ಎರಡರಲ್ಲಿ ಮೊದಲು ಮಣ್ಣಿನಿಂದ ಮನುಷ್ಯ, ಆಮೇಲೆ ತೋಟ, ಪ್ರಾಣಿಗಳು, ಕೊನೆಗೆ ಹೆಣ್ಣು. ವರದಿ ಎಂದು ಓದಿದರೆ ಎರಡು ಪುಟ ಒಂದಕ್ಕೊಂದು ಕೂಡುವುದಿಲ್ಲ. ಈ ಎರಡನ್ನು ಒಂದೇ ಪುಸ್ತಕಕ್ಕೆ ಸೇರಿಸಿದವರಿಗೆ ಇದು ಕಾಣದೆ ಇರಲಿಕ್ಕಿಲ್ಲ. ಆದರೂ ಅಕ್ಕಪಕ್ಕದಲ್ಲೇ ಇಟ್ಟರು.

ಹಾಳೆಯ ಹಿಂಬದಿಗೆ ಆರು ದಿನಗಳನ್ನು ಮೂರು ಮೂರರಂತೆ ಎದುರುಬದುರು ಬರೆಸಿದೆವು. ಒಂದನೇ ದಿನ ಬೆಳಕು, ನಾಲ್ಕನೆಯದಕ್ಕೆ ಸೂರ್ಯಚಂದ್ರರು. ಎರಡನೇ ದಿನ ಆಕಾಶ ಮತ್ತು ನೀರು, ಐದನೆಯದಕ್ಕೆ ಹಕ್ಕಿ ಮೀನು. ಮೂರನೇ ದಿನ ನೆಲ, ಆರನೆಯದಕ್ಕೆ ಪ್ರಾಣಿ, ಮನುಷ್ಯ. ತಂದೆಯೇ ಮೊದಲು ಕಂಡುಕೊಂಡರು: ‘ಮನಿ ಕಟ್ಟಿ ಆಮ್ಯಾಲ ಒಕ್ಕಲಾದಂಗ ಐತಲ್ರಿ!’

ಆದರೆ ಇದನ್ನು ರೂಪಕವಾಗಿ ಓದುವುದು ವಿಜ್ಞಾನಕ್ಕೆ ಸೋತವರ ನೆಪ ಎಂಬ ಭಯ ತಂದೆಗಿತ್ತು. ಅದಕ್ಕೆ ಎರಡು ಸಂಗತಿ ಹೇಳಿದೆವು. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗೆ ಎಂದು 3ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಕೇಳಿದ್ದ. ಸೃಷ್ಟಿ ಕ್ರಿ.ಪೂ. 4004ರಲ್ಲಾಯಿತು ಎಂಬ ಪ್ರಸಿದ್ಧ ಲೆಕ್ಕ ಬೈಬಲಿನಲ್ಲೇ ಇಲ್ಲ. 1650ರಲ್ಲಿ ಐರ್ಲೆಂಡಿನ ಬಿಷಪ್ ಅಶ್ಶರ್ ಹಾಕಿದ್ದು. ಆದಾಮನಿಂದ ಪ್ರಳಯಕ್ಕೆ ಬೈಬಲಿನ ಹೀಬ್ರೂ ಮೂಲಪಾಠದಲ್ಲಿ 1656 ವರ್ಷವಾದರೆ ಹಳೆಯ ಗ್ರೀಕ್ ಅನುವಾದದಲ್ಲಿ ಸುಮಾರು 600 ಹೆಚ್ಚು, ಅಂದರೆ ಲೆಕ್ಕ ಹಾಕಲು ಅಂಕಿಗಳೇ ಒಂದೇ ತೆರನಾಗಿಲ್ಲ.

ಇಲ್ಲಿ ಸಾಮಾನ್ಯವಾಗಿ ಎಡವುವುದು ‘ಒಂದು ದಿನ ಅಂದರೆ ಕೋಟ್ಯಂತರ ವರ್ಷ’ ಎಂಬ ಸಂಧಾನದಲ್ಲಿ. ಹುಡುಗ ಅದನ್ನೂ ಮುಂದಿಟ್ಟ. ಆದರೆ ಸೂರ್ಯನಿಗಿಂತ ಮೊದಲೇ ಬೆಳೆದ ಗಿಡಗಳು ಕೋಟಿ ವರ್ಷ ಬದುಕಬೇಕಲ್ಲ! ಪುರಾಣದಲ್ಲಿ ಬರುವ ಬ್ರಹ್ಮನ ಒಂದು ಹಗಲಿನ 432 ಕೋಟಿ ವರ್ಷವನ್ನು ಭೂಮಿಯ ಸುಮಾರು 454 ಕೋಟಿ ವರ್ಷದ ವಯಸ್ಸಿಗೆ ಅಂಟಿಸುವವರದ್ದೂ ಇದೇ ರೋಗ, ವಿಜ್ಞಾನದ ಸೀಲು ಒತ್ತಿದ ಪಂಚನಾಮೆ. ಹಾಗೆಂದು ರೂಪಕವನ್ನು ಮನಬಂದಂತೆ ಎಳೆಯಲೂ ಆಗದು, ಮೂಲದ ಮಾತು ಅದನ್ನು ಹೊರಬೇಕು. ಹೀಬ್ರೂವಿನಲ್ಲಿ ‘ಆದಾಮ್’ ಮನುಷ್ಯ, ‘ಅದಾಮಾ’ ಮಣ್ಣು. ಮಣ್ಣಿನ ಮಗ ಎಂಬ ಅರ್ಥ ಹೊರಗಿನಿಂದ ತಂದದ್ದಲ್ಲ.

ಸಲಹೆ: ಮಗ ‘ಸುಳ್ಳು’ ಎಂಬ ಪದ ಬಿಟ್ಟು ‘ಇದು ಏನು ಹೇಳಾಕ ಬಂದೈತಿ?’ ಎಂದು ಕೇಳಬೇಕು. ತಂದೆ ‘ನಂಬಿಕಿ ಇಲ್ಲೇನು?’ ಎಂದು ಪರೀಕ್ಷಿಸಬಾರದು. ವಾರಕ್ಕೊಮ್ಮೆ ಅರ್ಧ ಗಂಟೆ, ಒಂದೇ ಅಧ್ಯಾಯ, ಊಟದ ಹೊತ್ತು ಬಿಟ್ಟು. ಧರ್ಮಸಿದ್ಧಾಂತದ ಪ್ರಶ್ನೆಗಳಿಗೆ ಅವರ ಸಭಾಪಾಲಕರೇ ಇದ್ದಾರೆ. ಅದು ಆಪ್ತಸಲಹೆಯ ಕೆಲಸವಲ್ಲ.

ಐದನೇ ಭೇಟಿಯ ಹೊತ್ತಿಗೆ ಮನೆಯಲ್ಲಿ ಮಾತು ಶುರುವಾಗಿತ್ತು. ಆದಾಮ ನಿಜವಾದ ವ್ಯಕ್ತಿ ಎನ್ನುವುದನ್ನು ತಂದೆ ಬಿಟ್ಟಿಲ್ಲ, ಮಗ ಒಪ್ಪಿಲ್ಲ. ಪ್ರಳಯದ ಅಧ್ಯಾಯಕ್ಕೆ ಇನ್ನೂ ಬಂದಿಲ್ಲ.