ನಟನೆಯೇ ಬಾರದ ಶಿಕ್ಷಕಿ ತರಗತಿಯಲ್ಲಿ ನಾಟಕ ಬಳಸಲು ಏನು, ಎಲ್ಲಿ ಕಲಿಯಬೇಕು?

ಶಹಾಪುರ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೀರಿ, ಒಮ್ಮೆಯೂ ಬಣ್ಣ ಹಚ್ಚಿದವರಲ್ಲ, ರಂಗ ತರಬೇತಿ ಪಡೆದರೆ ನಿಮ್ಮಂಥವರಿಗೆ ಉಪಯೋಗವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ ಮೇಡಂ. ಆದರೆ ನಟನೆ ಕಲಿಸುವ ಶಿಬಿರ ಹುಡುಕಬೇಡಿ.

ನಮ್ಮ ಭಾಗದ ದೊಡ್ಡಾಟ ನೋಡಿರುತ್ತೀರಿ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ವೇಷ ಕುಣಿಯುತ್ತ ಬಂದ ಕೂಡಲೇ ಆಟ ನಡೆಸಿಕೊಡುವ ಸಾರಥಿ ತಡೆದು ವಿಚಾರಿಸುತ್ತಾನೆ: ನೀನು ಯಾರು, ಯಾವ ಊರು, ಬಂದ ಕಾರಣವೇನು? ತರಗತಿಯಲ್ಲಿ ನಿಮ್ಮ ಕೆಲಸ ಆ ಸಾರಥಿಯದು. ಎಲ್ಲಿ ತಡೆಯಬೇಕು, ಏನು ಕೇಳಬೇಕು ಎಂಬುದನ್ನು ಕಲಿತರೆ ಸಾಕು. ಪಾತ್ರದಲ್ಲಿ ಕೂತವರನ್ನು ಹೀಗೆ ಪ್ರಶ್ನಿಸುವುದಕ್ಕೆ ತರಬೇತಿಯಲ್ಲಿ ಹಾಟ್ ಸೀಟಿಂಗ್ ಅನ್ನುತ್ತಾರೆ.

ನಾನು ಮಾಡುವ ಒಂದು ಪಾಠ ಹೇಳುತ್ತೇನೆ. ವಚನಕಾರರ ಪಾಠ ಬಂದಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ತೆಗೆದುಕೊಳ್ಳುತ್ತೇನೆ. ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಮಕ್ಕಳು ನಾಲ್ಕು ನಾಲ್ಕು ಮಂದಿ ಕೂಡಿ ಮೂರು ಚಿತ್ರ ನಿಲ್ಲಿಸಬೇಕು: ಆಯುವುದು, ಮನೆ ಬಾಗಿಲು, ತಿರುಗಿ ಹೋಗುವುದು. ಮಾತಿಲ್ಲ. ಅವರಿಗೆ ಸ್ಟ್ಯಾಚು ಆಟ ಗೊತ್ತೇ ಇದೆ, ‘ಸ್ಟ್ಯಾಚು’ ಅಂದರೆ ನಿಂತುಬಿಡುತ್ತಾರೆ. ಆಮೇಲೆ ನಾನು ಯಾರ ಹೆಗಲು ಮುಟ್ಟುತ್ತೇನೋ ಅವರು ಆ ಪಾತ್ರದ ಮನಸ್ಸಿನಲ್ಲಿ ಏನಿದೆ ಎಂದು ಒಂದೇ ವಾಕ್ಯ ಹೇಳಬೇಕು.

ಕೊನೆಗೆ ಒಬ್ಬ ಹುಡುಗಿ ಲಕ್ಕಮ್ಮನಾಗಿ ಕುರ್ಚಿಯಲ್ಲಿ ಕೂರುತ್ತಾಳೆ. ಉಳಿದವರದು ಸವಾಲು. ‘ನೆಲಕ್ಕ ಬಿದ್ದದ್ದು ಯಾರದೂ ಅಲ್ಲಲ್ರಿ, ತಂದ್ರ ತಪ್ಪೇನ್ರಿ?’ ‘ನಾಳಿ ಜಡಿ ಮಳಿ ಹಿಡಿದ್ರ ಏನ್ ಉಣ್ತೀರಿ?’ ಹೋದ ವರ್ಷದ ಲಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವ ಎಲ್ಲಾ ತಂದ್ರ ಹಿಂದ ಬರೋರು ಏನ್ ಆಯ್ತಾರ?’ ಅಂದಳು. ಕಾಯಕ, ದಾಸೋಹದ ಪ್ರಶ್ನೋತ್ತರಕ್ಕೆ ಅಲ್ಲಿಂದಲೇ ದಾರಿ ಸಿಕ್ಕಿತು. ವೇಷ ಬೇಡ, ಮೈಕ್ ಬೇಡ, ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಮೂಕಚಿತ್ರದಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಮಾತು ತಾನಾಗಿಯೇ ಆಮೇಲೆ ಬರುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ಶರಣರ ಪಾಠದಲ್ಲಿ ಸಮಗಾರ, ಅಂಬಿಗ, ಕುಂಬಾರ ಎಲ್ಲ ಬರುತ್ತಾರೆ. ಯಾವ ಮಗುವಿಗೂ ಅದರ ಮನೆತನದ ಕಸುಬಿನ ಪಾತ್ರ ಕೊಡಬೇಡಿ. ಕೊಟ್ಟರೆ ಆ ಹೆಸರು ಸಂಜೆಯೊಳಗೆ ಓಣಿಗೆ ಹೋಗಿ ಅಂಟಿಕೊಳ್ಳುತ್ತದೆ. ಚೀಟಿ ಎತ್ತಿಸಿ, ಪಾತ್ರ ತಿರುಗಿಸುತ್ತಿರಿ, ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಸ್ವಂತ ಹೆಸರು ಹೇಳಿ ಪಾತ್ರದಿಂದ ಹೊರಬರಲಿ. ಬಹಳ ತರಬೇತಿಗಳಲ್ಲಿ ಇದನ್ನು ಹೇಳುವುದೇ ಇಲ್ಲ, ನನಗೆ ಅದೇ ಬೇಸರ.

ಈಗ ಎಲ್ಲಿ ಕಲಿಯುವುದು. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ, ಶಿಕ್ಷಕರ ನಿಷ್ಠಾ ತರಬೇತಿಯ ಭಾಗವಾಗಿ, ಕಲಾ ಸಂಯೋಜಿತ ಕಲಿಕೆಯ (ಕಲೆಯ ಮೂಲಕ ಪಾಠ ಕಲಿಸುವ) ಪಾಠವಿದೆ. ಹಿನ್ನೆಲೆ ತಿಳಿಯಲು ಓದಬಹುದು, ಆದರೆ ಮೊಬೈಲ್ ನೋಡಿ ಕೈ ಪಳಗುವುದಿಲ್ಲ. 1979ರಲ್ಲಿ ಶುರುವಾದ ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಸೇವೆಯಲ್ಲಿರುವ ಶಿಕ್ಷಕರಿಗಾಗಿಯೇ ಕಾರ್ಯಾಗಾರ ನಡೆಸುತ್ತದೆ. ತೊಗಲುಗೊಂಬೆ, ಕೈಗೊಂಬೆ ಬಳಸಿ ಪಾಠ ಮಾಡುವುದೂ ಅದರಲ್ಲಿದೆ. ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ಒಂದು ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ, ನಮಗೆ ಬೆಂಗಳೂರಿಗಿಂತ ಹತ್ತಿರ. ಕಲಬುರಗಿಯಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣವಿದೆ, ಅಲ್ಲಿಯ ಕಲಾವಿದರನ್ನು ‘ನಾಟಕ ಮಾಡಿಸಿಕೊಡಿ’ ಎಂದು ಕೇಳಿದರೆ ವಾರ್ಷಿಕೋತ್ಸವದ ನಾಟಕ ಸಿಗುತ್ತದೆ, ‘ಈ ಪಾಠಕ್ಕೆ ಆಟ ಕಟ್ಟಿಕೊಡಿ’ ಎಂದು ಪುಸ್ತಕ ಮುಂದಿಟ್ಟರೆ ಬೇರೆಯದೇ ಸಿಗುತ್ತದೆ. ನಿಮ್ಮ ಯಾದಗಿರಿ ಜಿಲ್ಲೆಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶಿಕ್ಷಕರ ಜೊತೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ, ಅಲ್ಲಿಯೂ ವಿಚಾರಿಸಿ. ಊರಲ್ಲೇ ದೊಡ್ಡಾಟದ ಮಾಸ್ತರರೋ ತತ್ವಪದದ ಭಜನಾ ಮೇಳವೋ ಇದ್ದರೆ ಅವರನ್ನು ಬಿಡಬೇಡಿ. ತಾಳ ಹಿಡಿದು ಗದ್ದಲ ಅಡಗಿಸುವುದನ್ನು ನಾನು ಅವರಿಂದಲೇ ಕಲಿತದ್ದು.

ತರಬೇತಿ ಒಳ್ಳೆಯದೋ ಅಲ್ಲವೋ ಎಂದು ಮಧ್ಯಾಹ್ನದ ಊಟದೊಳಗೇ ಗೊತ್ತಾಗುತ್ತದೆ. ಬರೀ ಪಿಪಿಟಿ ಓಡುತ್ತಿದ್ದರೆ ಟಿಎ, ಡಿಎ ತೆಗೆದುಕೊಂಡು ಬನ್ನಿ. ನಿಮ್ಮನ್ನು ಎಬ್ಬಿಸಿ ಆಟ ಆಡಿಸಿ, ನಡುವೆ ನಿಲ್ಲಿಸಿ, ‘ಇದು ಯಾವ ಪಾಠಕ್ಕೆ, ಮಗು ಇದರಿಂದ ಏನು ಕಲಿಯಿತು’ ಎಂದು ಕೇಳಿದರೆ ಕೊನೆಯ ದಿನದವರೆಗೂ ಕೂತುಕೊಳ್ಳಿ. ತಿಂಗಳು ಬಿಟ್ಟು ನಿಮ್ಮ ತರಗತಿಗೇ ಬಂದು ನೋಡುವವರಾದರೆ ಇನ್ನೂ ಒಳ್ಳೆಯದು. ಅಂಥವರು ಸಿಗದಿದ್ದರೆ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರಿಂದ ಅರ್ಧ ತಾಸು ಕೇಳಿ ತೆಗೆದುಕೊಂಡು ಒಂದು ಆಟವನ್ನು ಸಹೋದ್ಯೋಗಿಗಳ ಮೇಲೇ ಮಾಡಿ ನೋಡಿ. ಮಕ್ಕಳಿಗಿಂತ ಅವರೇ ಹೆಚ್ಚು ನಾಚುತ್ತಾರೆ!

ಹೊರಗಿನ ಶಿಬಿರಕ್ಕೆ ಹೆಸರು ಕೊಡುವ ಮೊದಲು ಓಓಡಿ (ಅನ್ಯ ಕರ್ತವ್ಯದ ಮೇಲೆ ಹೋಗುವ ಅನುಮತಿ) ಸಿಗುತ್ತದೋ, ಸ್ವಂತ ರಜೆ ಹಾಕಬೇಕೋ ಎಂದು ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ.