ಅಟ್ಟದ ಮೇಲಿನ ಅಟಾರಿ

ಪ್ರಶ್ನೆ: ನಮ್ಮ ತಂದೆ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತಿದ್ದರು. ಅವರ ಅಟಾರಿ 1040 ಎಸ್‌ಟಿ ಕಂಪ್ಯೂಟರ್, ಕ್ಯೂಬೇಸ್ ಎಂಬ ಸಂಗೀತ ತಂತ್ರಾಂಶ, ಒಂದು ಡಬ್ಬಿ ಫ್ಲಾಪಿ ಅಟ್ಟದ ಮೇಲಿವೆ. ಅದರೊಳಗಿನ ಹಾಡುಗಳನ್ನು ಮತ್ತೆ ಕೇಳಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಕೇಳಬಹುದು, ಆದರೆ ದಯವಿಟ್ಟು ಈಗಲೇ ಸ್ವಿಚ್ ಹಾಕಬೇಡಿ. ಇಷ್ಟು ಹಳೆಯ ಪವರ್ ಸಪ್ಲೈಯಲ್ಲಿ ಕೆಪ್ಯಾಸಿಟರ್‌ಗಳು ಒಣಗಿರುವ ಸಂಭವ ಹೆಚ್ಚು. ಹುಬ್ಬಳ್ಳಿಯ ನನ್ನ ಕೋಣೆಯಲ್ಲಿ ಇಂಥದೇ ಒಂದನ್ನು ಅವಸರಪಟ್ಟು ಸುಟ್ಟುಕೊಂಡೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಟಿವಿ ರಿಪೇರಿ ಬಲ್ಲವರಿಂದ ಮೊದಲು ಅವನ್ನು ಬದಲಿಸಿಕೊಳ್ಳಿ.

ಡಬ್ಬಿಯಲ್ಲಿ ಚಿಕ್ಕದೊಂದು ಪ್ಲಾಸ್ಟಿಕ್ ತುಂಡು ಇದೆಯೇ ನೋಡಿ. ಅದು ಅಟಾರಿಯ ಕಾರ್ಟ್ರಿಜ್ ಕಿಂಡಿಗೆ ಹಾಕುವ ಡಾಂಗಲ್, ಅಂದರೆ ತಂತ್ರಾಂಶದ ಬೀಗದ ಕೈ. ಅದಿಲ್ಲದೆ ಕ್ಯೂಬೇಸ್ ತೆರೆಯುವುದಿಲ್ಲ. ಯಂತ್ರ ಆಫ್ ಇದ್ದಾಗಲೇ ಹಾಕಿ, ತೆಗೆಯಿರಿ.

ಫ್ಲಾಪಿಗಳದೇ ನನಗೆ ಹೆಚ್ಚು ಚಿಂತೆ. ಫ್ಲಾಪಿಯ ಮೂಲೆಯ ಚಿಕ್ಕ ಗುಂಡಿ ಸರಿಸಿ ಅಲ್ಲಿನ ತೂತು ತೆರೆದರೆ ಅಳಿಸಿಹೋಗುವ ಭಯವಿಲ್ಲ. ಅವು ಸಾಮಾನ್ಯವಾಗಿ 720 ಕೆಬಿಯವು. ಯುಎಸ್‌ಬಿ ಫ್ಲಾಪಿ ಡ್ರೈವ್ ಅನೇಕವನ್ನು ಓದುತ್ತದೆ; ಬೇರೆ ಕೆಲಸಕ್ಕೆ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು. ಧಾರವಾಡದಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯರು ಇಂಥ ಹಾಡಿನ ಫ್ಲಾಪಿಗಳ ಬಗ್ಗೆ ಹೇಳುತ್ತಿದ್ದರು: "ಇದರಾಗ ದನಿ ಇಲ್ರೀ, ಬೆರಳು ಎಲ್ಲಿ, ಎಷ್ಟು ಜೋರಾಗಿ ಬಿತ್ತು ಅನ್ನೂದಷ್ಟ ಐತಿ." ಅದೇ ಮಿಡಿ, ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಸಂಕೇತ ಭಾಷೆ. ಅಟಾರಿಯಲ್ಲಿ ಮಿಡಿ ಕಿಂಡಿಗಳು ಯಂತ್ರದಲ್ಲೇ ಇದ್ದವು, ಸಂಗೀತಗಾರರು ಮೆಚ್ಚಿದ್ದು ಅದಕ್ಕೇ. ಫ್ಲಾಪಿಯಲ್ಲಿ ದನಿ ಇಲ್ಲವಾದ್ದರಿಂದ ನಾದಕ್ಕೆ ಕೀಬೋರ್ಡ್‌ನಂಥ ದನಿ ಹೊರಡಿಸುವ ಸಾಧನ ಬೇಕೇ ಬೇಕು. ತಂದೆಯವರ ಕೀಬೋರ್ಡ್ ಯಾವ ಮಾದರಿ ಎಂದು ಬರೆಯಿರಿ. ಅದೇ ಸಿಕ್ಕರೆ ಅವರ ಬೆರಳುಗಳನ್ನೇ ಕೇಳುವಿರಿ.